ಸಿಳ್ಳೆ ಹಾಕುವ ಜರ್ಮನಿ

"ತಳ್ರೋ, ಇನ್ನೊಂದೇ ಸಲ ತಳ್ರೋ!" ಎಂದು ಡ್ರೈವರ್ ಅಜ್ಜು ವ್ಯಾನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

ಬಿಳಿ ಟೋಪಿ ಹಾಕಿದ್ದವರು, ಹಾಕದವರು, ಸಾವಿಗೆ ಬಂದವರು, ಹಾಲಿಗೆಂದು ಹೊರಟವರು ಎಲ್ಲರೂ ಮತ್ತೆ ಕೈ ಹಚ್ಚಿದರು. ಆ ದಿನ ಅರ್ಧ ಗಂಗಾನಗರ ಆ ವ್ಯಾನನ್ನು ತಳ್ಳಿತು. ಉಳಿದರ್ಧ ಮಹಡಿಗಳ ಮೇಲೆ ನಿಂತು ಹೇಗೆ ತಳ್ಳಬೇಕೆಂದು ಹೇಳಿಕೊಟ್ಟಿತು. ವ್ಯಾನು ಗ್ಯಾರೇಜಿನ ಮುಂದಿನಿಂದ ಬೇಕರಿಯವರೆಗೆ ಉರುಳಿ, ಒಂದು ಸಲ ಕೆಮ್ಮಿ, ಬೀದಿಯ ಎರಡೂ ಬದಿಯ ಮನೆಗಳು ಕಾಣದಷ್ಟು ಬಿಳಿ ಹೊಗೆ ಬಿಟ್ಟು, ಸುಮ್ಮನಾಯಿತು.

ಅದು ಮಸೀದಿಯ ವ್ಯಾನು. ಸತ್ತವರನ್ನು ಖಬರಸ್ತಾನಕ್ಕೆ ಒಯ್ಯುವುದು ಅದರ ಕೆಲಸ. ನಮ್ಮ ದೇಶದ್ದೇ ಡೀಸೆಲ್ ಗಾಡಿ. ಅದರ ವಯಸ್ಸನ್ನು ಅದನ್ನು ಮಾಡಿದವರೂ ಮರೆತಿದ್ದರು. ಇಷ್ಟು ವರ್ಷ ಅದು ಓಡಿದ್ದು ಒಬ್ಬನ ಕೈಗುಣದಿಂದ. ಆ ಒಬ್ಬ, ಡೀಸೆಲ್ ಮೆಕ್ಯಾನಿಕ್ ಅಕ್ಬರ್ ಪಾಷಾ, ಈಗ ಗ್ಯಾರೇಜಿನ ಹಿಂದಿನ ಮನೆಯಲ್ಲಿ ಕಫನ್ ಬಟ್ಟೆ ಸುತ್ತಿಸಿಕೊಂಡು ಅದೇ ವ್ಯಾನಿಗಾಗಿ ಕಾಯುತ್ತಿದ್ದ. ರಾತ್ರಿ ಊಟ ಮಾಡಿ ಮಲಗಿದವನು ಬೆಳಗಿನ ನಮಾಜಿಗೆ ಏಳಲಿಲ್ಲ.

ಮಗ ಆತಿಫ್ ಹೊರಗೆ ಬಂದ. ತಂದೆಗೆ ಕೊನೆಯ ಸ್ನಾನ ಮಾಡಿಸಿದ ಕೈಯಲ್ಲಿ ಇನ್ನೂ ಕರ್ಪೂರದ ವಾಸನೆ ಇತ್ತು. ಸ್ನಾನ ಮಾಡಿಸಲು ಬಂದಿದ್ದ ಹಿರಿಯರು ಪಾಷಾನ ಉಗುರಿನ ಸಂದಿಯ ಕಪ್ಪನ್ನು ಸೋಪಿನಿಂದ ತಿಕ್ಕಿ ತಿಕ್ಕಿ ಸೋತಿದ್ದರು. ಕೊನೆಗೆ ಆತಿಫ್ ಗ್ಯಾರೇಜಿನಿಂದ ಮರದ ಹೊಟ್ಟೂ ಸೋಪಿನ ಪುಡಿಯೂ ತಂದು ತಾನೇ ಉಜ್ಜಿದ. ಕಪ್ಪು ಸ್ವಲ್ಪ ಹೋಯಿತು. ಉಳಿದದ್ದು ಹುಟ್ಟಿನಿಂದಲೇ ಬಂದದ್ದೇನೋ ಎಂಬಂತೆ ಅಲ್ಲೇ ಕೂತಿತ್ತು.

ಅವನು ವ್ಯಾನಿನ ಬಾನೆಟ್ಟಿನೊಳಗೆ ಬಗ್ಗಿ ನೋಡಿ ಎದ್ದ. "ಬಿಡಿ ಅಜ್ಜು ಭಾಯ್. ಪಂಪ್ ಜಾಮ್ ಆಗಿದೆ. ಇಳಿಸಿ ಮತ್ತೆ ಕೂರಿಸೋದ್ರಲ್ಲಿ ಸಾಯಂಕಾಲ ಆಗುತ್ತೆ."

"ಹೋದ ವಾರ ನಿಮ್ಮ ಅಬ್ಬಾ ಸುತ್ತಿಗೇಲಿ ಒಂದ್ ತಟ್ಟು ತಟ್ಟಿದ್ರು. ಕುದುರೆ ಥರ ಹೋಯ್ತು."

"ಎಲ್ಲಿ ತಟ್ಟಿದ್ರು?"

"ಅದು ನಂಗೇನ್ ಗೊತ್ತು? ನಾನು ಟೀ ಕುಡೀತಾ ಇದ್ದೆ."

ಹೋಗಬೇಕಾದದ್ದು ಅಟ್ಟೂರಿಗೆ. ಪಾಷಾ ಹುಟ್ಟಿದ್ದು ಅಲ್ಲಿ. ಅವನ ತಾಯಿಯನ್ನು ಮಣ್ಣು ಮಾಡಿದ್ದು ಅಲ್ಲಿ. ತಾಯಿಯ ಪಕ್ಕದಲ್ಲೇ ಮಗನಿಗೂ ಗುಂಡಿ ತೋಡಿಯಾಗಿತ್ತು. ಅಲ್ಲಿನ ಮಸೀದಿಯಲ್ಲಿ ಮಧ್ಯಾಹ್ನದ ನಮಾಜು ಮುಗಿದ ಕೂಡಲೇ ಜನಾಜಾ ನಮಾಜು ಎಂದು ಎಲ್ಲರಿಗೂ ಹೇಳಿಯೂ ಆಗಿತ್ತು. ಹತ್ತಿರವಿದ್ದಿದ್ದರೆ ಹೆಗಲ ಮೇಲೆ ಒಯ್ಯುತ್ತಿದ್ದರು. ಆದರೆ ಗಂಗಾನಗರಕ್ಕೂ ಅಟ್ಟೂರಿಗೂ ನಡುವೆ ಹೆಬ್ಬಾಳ ಬಿದ್ದುಕೊಂಡಿದೆ. ಕಾಲೇಜು ಸೇರಲು ಹೊರಟ ಹುಡುಗರು ಹೆಬ್ಬಾಳದ ಜಾಮಿನಲ್ಲೇ ಮೀಸೆ ಬೆಳೆಸಿಕೊಂಡ ಉದಾಹರಣೆಗಳಿವೆ. ಬಾಡಿಗೆಗೆ ಕರೆದಿದ್ದ ಆಂಬುಲೆನ್ಸ್ ಅಲ್ಲೇ ಸಿಕ್ಕಿಕೊಂಡು, "ಬಂದೇ ಬಿಟ್ಟೆ ಸಾರ್" ಎಂದು ಬೆಳಿಗ್ಗೆಯಿಂದ ಹೇಳುತ್ತಿತ್ತು. ಪಕ್ಕದ ಮಸೀದಿಯ ವ್ಯಾನು ಇನ್ನೊಂದು ಸಾವಿಗೆ ಹೋಗಿತ್ತು. ಗೂಡ್ಸ್ ಆಟೋ ತರಿಸೋಣ ಎಂದ ಒಬ್ಬನನ್ನು ಪಾಷಾನ ಅಕ್ಕ ಫಖ್ರುನ್ನೀಸಾ ಬಾಗಿಲಿನಿಂದಲೇ ನೋಡಿದಳು. ಅವನು ಮತ್ತೆ ಬಾಯಿ ತೆರೆಯಲಿಲ್ಲ.

ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದವರಲ್ಲಿ ಮುಕ್ಕಾಲು ಪಾಲು ಪಾಷಾನ ಗಿರಾಕಿಗಳು. ಅಂಥವರನ್ನು ಕೆಟ್ಟುನಿಂತ ಒಂದು ಡೀಸೆಲ್ ಗಾಡಿಯ ಮುಂದೆ ಕೂರಿಸಿದರೆ ಏನಾಗಬೇಕೋ ಅದೇ ಆಯಿತು.

"ಜಪಾನ್ ಗಾಡಿ ಆಗಿದ್ರೆ ಈ ಗತಿ ಬರ್ತಿರ್ಲಿಲ್ಲ," ಎಂದು ಒಬ್ಬರು ಮೆಲ್ಲಗೆ ಶುರು ಮಾಡಿದರು. "ಪಾಷಾ ಭಾಯ್ ಬಾಯಿ ಬಡ್ಕೊಂಡ್ರು ಮಸೀದಿ ಕಮಿಟಿಯವರ ಹತ್ರ. ಕೇಳಿದ್ರಾ?"

"ಏನ್ ಜಪಾನ್ ಜಪಾನ್ ಅಂತೀರಾ ಗುರುವೇ," ಎಂದ ವೇಣುಗೋಪಾಲ್. ಅವನು ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವನು. ಏರ್‌ಪೋರ್ಟ್ ರೋಡಿನಲ್ಲಿ ಓಡಿಸಿದ್ದು ಭೂಮಿಯನ್ನು ಎಷ್ಟು ಸುತ್ತು ಹಾಕಿದಷ್ಟಾಯಿತೆಂಬುದನ್ನು ಅವನೇ ಮರೆತು, ಒಂದೊಂದು ಸಲ ಒಂದೊಂದು ಲೆಕ್ಕ ಹೇಳುತ್ತಿದ್ದ. "ನಮ್ ದೇಶದ ಗಾಡಿ ಕೆಟ್ರೆ ಊರಲ್ಲಿರೋ ಯಾರ್ ಬೇಕಾದ್ರೂ ಸರಿ ಮಾಡ್ತಾರೆ. ಜಪಾನ್ ಗಾಡಿ ಕೆಟ್ರೆ ಒಂದು ನಟ್ಟಿಗೂ ಹಡಗು ಕಾಯ್ಬೇಕು."

"ಇಲ್ಲಿ ಊರಲ್ಲಿರೋರೆಲ್ಲಾ ತಳ್ಳಿದ್ವಿ. ಸರಿ ಆಯ್ತಾ?"

"ಕೊರಿಯಾದ್ದು ತಗೊಳ್ಳಿ. ಸದ್ದೇ ಇಲ್ಲ."

"ಸದ್ದಿಲ್ದೆ ಇರೋದು ಡೀಸೆಲ್ಲೇ ಅಲ್ಲ ಕಣ್ರೀ. ಫ್ಯಾನು."

"ಸ್ವಲ್ಪ ಮೆತ್ತಗೆ. ಒಳಗೆ ಕುರಾನ್ ಓದ್ತಾ ಇದಾರೆ."

ಆಗ ಬೀದಿಯ ಮೂಲೆಯಿಂದ ಒಂದು ಧ್ವನಿ ಬಂತು. "ನನ್ ಗಾಡಿ ಐತಲ್ಲ. ಅದ್ರಲ್ಲೇ ಓಗಾನ."

ಹೇಳಿದವನು ಅಟ್ಟೂರಿನ ಮುನಿಆಂಜಿನಪ್ಪ. ಬಿಳಿ ಪಂಚೆ, ಬಿಳಿ ಶರ್ಟು, ಹೆಗಲ ಮೇಲೆ ಟವೆಲ್ಲು. ಬೆನ್ನ ಹಿಂದೆ ಬೆಳ್ಳಿ ಬಣ್ಣದ ಜರ್ಮನಿಯ ಡೀಸೆಲ್ ಗಾಡಿ. ಆ ಗಾಡಿಯ ಉದ್ದಕ್ಕೆ ತಕ್ಕಂತೆ ಗಂಗಾನಗರದ ಅಡ್ಡರಸ್ತೆಗಳನ್ನು ಹಾಕಿಲ್ಲವಾದ್ದರಿಂದ ಅವನು ಅದನ್ನು ಯಾವಾಗಲೂ ಮೂಲೆಯಲ್ಲೇ ನಿಲ್ಲಿಸುತ್ತಿದ್ದ.

ಶಾಮಿಯಾನದ ಕೆಳಗೆ ಯಾರೋ ನಕ್ಕು, ಅದನ್ನು ಕೆಮ್ಮಾಗಿಸಿದರು.

"ಅಂಜಿನಪ್ಪಣ್ಣಾ, ಆ ಗಾಡೀಲಾ?" ಎಂದ ವೇಣುಗೋಪಾಲ್. "ತಿಂಗಳಿಗೆ ಮೂರು ಸಲ ಇದೇ ಗ್ಯಾರೇಜಿಗೆ ಬರುತ್ತೆ. ಬೆಳಿಗ್ಗೆ ನೀವು ಬರೋವಾಗ್ಲೂ ಸಿಳ್ಳೆ ಹಾಕ್ಕೊಂಡೇ ಬಂತು, ನಾನೇ ಕೇಳಿದೆ. ಹೆಬ್ಬಾಳ ಫ್ಲೈಓವರ್ ಮೇಲೆ ಮಯ್ಯತ್ ಇಟ್ಕೊಂಡು ನಿಂತ್ರೆ ಏನ್ ಮಾಡ್ತೀರಾ?"

"ನಿಲ್ಲಲ್ಲ."

"ಅದನ್ನ ಗಾಡಿ ಹೇಳ್ಬೇಕು, ನೀವಲ್ಲ."

ಫಖ್ರುನ್ನೀಸಾ ಹೊರಗೆ ಬಂದಳು. ಅತ್ತು ಅತ್ತು ಧ್ವನಿ ಒಡೆದಿತ್ತು. ಆದರೂ ಎರಡು ಬೀದಿಯಾಚೆ ಕೇಳುವಷ್ಟು ಉಳಿದಿತ್ತು. "ಅಂಜಿನಪ್ಪಾ, ನೀನು ದೊಡ್ಡ ಮನಸ್ಸಿಂದ ಹೇಳಿದೆ, ಸರಿ. ಆದ್ರೆ ನನ್ನ ತಮ್ಮ ಏನ್ ಹೇಳಿದ್ದ? ಸತ್ರೂ ಆ ಜರ್ಮನಿ ಗಾಡೀಲಿ ಕೂರಲ್ಲ ಅಂದಿದ್ದ. ಎಲ್ಲರ ಮುಂದೆ ಹೇಳಿದ್ದ. ಹೌದೋ ಅಲ್ವೋ?"

"ಔದು ಅಕ್ಕಾ," ಎಂದ ಮುನಿಆಂಜಿನಪ್ಪ.

*

ಇಬ್ಬರೂ ಅಟ್ಟೂರಿನ ಶಾಲೆಯಲ್ಲಿ ಒಂದೇ ಬೆಂಚಿನವರು. ಪಾಷಾ ಗಂಗಾನಗರಕ್ಕೆ ಬಂದು ಸ್ಪ್ಯಾನರ್ ಹಿಡಿದ. ಅಂಜಿನಪ್ಪ ಊರಲ್ಲೇ ಉಳಿದು ದ್ರಾಕ್ಷಿ ಬೆಳೆದ. ದ್ರಾಕ್ಷಿ ತೋಟ ಲೇಔಟ್ ಆದ ವರ್ಷ ಅವನು ಜರ್ಮನಿ ಗಾಡಿ ಕೊಂಡು, ಊರ ದೇವರಿಗೆ ತೋರಿಸುವ ಮೊದಲೇ ಪಾಷಾನಿಗೆ ತೋರಿಸಲು ತಂದ.

ಆ ಹೊತ್ತಿಗೆ ಪಾಷಾನ ಕಿವಿ ಯಶವಂತಪುರದಿಂದ ಯಲಹಂಕದವರೆಗೆ ಹೆಸರಾಗಿತ್ತು. ಕಣ್ಣು ಮುಚ್ಚಿಕೊಂಡು ಸದ್ದು ಕೇಳಿ, ಇಂಜಿನು ಯಾವ ದೇಶದ್ದೆಂದು ಹೇಳುತ್ತಿದ್ದ. ಓಡಿಸುವವನು ಬೆಳಿಗ್ಗೆ ಮನೆಯಲ್ಲಿ ಬೈಸಿಕೊಂಡು ಬಂದಿದ್ದಾನೋ ಇಲ್ಲವೋ ಎಂಬುದನ್ನೂ ಹೇಳುತ್ತಿದ್ದನೆಂದು ಗಿರಾಕಿಗಳು ಇವತ್ತಿಗೂ ಆಣೆ ಮಾಡುತ್ತಾರೆ. ಅಂಥವನ ಸ್ವಂತ ವಾಹನ ಒಂದು ಪೆಟ್ರೋಲ್ ಸ್ಕೂಟರು ಎಂಬ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಪಾಷಾ ಗಾಡಿಯನ್ನು ಒಂದು ಸುತ್ತು ಬಂದ. ಬಾನೆಟ್ಟಿನ ಮೇಲೆ ಕೈ ಇಟ್ಟ. ಗ್ಯಾರೇಜಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿದರು.

"ಚೆನ್ನಾಗಿದೆ ಅಂಜಿ," ಎಂದ. "ಆದ್ರೆ ಕೇಳು. ಜಪಾನ್ ಗಾಡಿ ಅಂದ್ರೆ ಹಳೇ ಗುಮಾಸ್ತ ಇದ್ದಂಗೆ. ಮಾತಿಲ್ಲ ಕತೆಯಿಲ್ಲ, ರಜಾನೂ ಹಾಕಲ್ಲ. ನಮ್ಮ ದೇಶದ್ದು ಅಂದ್ರೆ ಸ್ವಂತ ತಮ್ಮ. ದಿನಾ ಜಗಳ, ಆದ್ರೆ ಕರೆದ್ರೆ ಚಪ್ಪಲಿ ಹಾಕ್ಕೊಳ್ದೆ ಓಡಿ ಬರ್ತಾನೆ. ಕೊರಿಯಾ ಅಂದ್ರೆ ಹೊಸದಾಗಿ ಬಂದ ಮೇಷ್ಟ್ರು, ಮೊದಲ ವರ್ಷ ಬಹಳ ಉತ್ಸಾಹ. ಅಮೆರಿಕಾ ಅಂದ್ರೆ ಬಾಡಿಗೆಯವನು. ಚೆನ್ನಾಗೇ ಇದ್ದ, ಒಂದ್ ದಿನ ಹೇಳ್ದೆ ಕೇಳ್ದೆ ಮನೆ ಖಾಲಿ ಮಾಡ್ಕೊಂಡು ಹೋದ."

"ಜರ್ಮನಿ?"

"ಜರ್ಮನಿ ಅಂದ್ರೆ ಅಳಿಯ. ಬಂದ್ರೆ ಮನೆಗೆ ಕಳೆ. ಆದ್ರೆ ಸಾರಿಗೆ ಒಂದ್ ಕಲ್ಲು ಉಪ್ಪು ಕಮ್ಮಿ ಆಯ್ತು ಅಂತ ಇಟ್ಕೋ, ಎಲೆ ಮುಂದಿಂದ ಎದ್ದು ಹೋಗ್ಬಿಡ್ತಾನೆ."

"ಸುಮ್ಕಿರ್ಲಾ. ಒಟ್ಟೆ ಉರಿ ನಿಂಗೆ. ಬಾ, ಒಂದ್ ರೌಂಡ್ ಓಗಾನ."

"ನಾನಾ? ಇದ್ರಲ್ಲಾ?" ಪಾಷಾ ಇಡೀ ಬೀದಿಗೆ ಕೇಳುವಂತೆ ಹೇಳಿದ. "ಸತ್ರೂ ಕೂರಲ್ಲ ಕಣೋ!"

ಆಮೇಲೆ ಇಬ್ಬರೂ ಟೀ ಕುಡಿದರು. ಆ ಮಾತು ಗಂಗಾನಗರ ದಾಟಿ ಸಂಜೆಯೊಳಗೆ ದಾಸರಹಳ್ಳಿ ತಲುಪಿತು. ಹೇಳಿದವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ; ಕೇಳಿಸಿಕೊಂಡವನು ಮತ್ತೆ ಗಾಡಿ ಹತ್ತು ಎಂದು ಕರೆಯಲಿಲ್ಲ.

*

ಜರ್ಮನಿ ಗಾಡಿ ನಿಜವಾಗಿ ಕೆಟ್ಟದ್ದು ಒಂದೇ ಒಂದು ಸಲ.

ಕೊಂಡ ಎರಡನೆಯ ವರ್ಷ ಇರಬೇಕು. ಯಲಹಂಕ ದಾಟುವಾಗ ಬಾನೆಟ್ಟಿನಿಂದ ಸಿಳ್ಳೆ ಕೇಳಿಸಿತು. ಗಾಡಿ ಎಳೆಯದೆ ಹೋಯಿತು, ಹಿಂದೆ ಕಪ್ಪು ಹೊಗೆ. ಅಂಜಿನಪ್ಪ ಹೇಗೋ ಗಂಗಾನಗರ ಮುಟ್ಟಿಸಿದ. ಪಾಷಾ ಬಾನೆಟ್ ಎತ್ತಿ, ಇಂಜಿನಿಗೆ ಗಾಳಿ ಒತ್ತುವ ದಪ್ಪ ರಬ್ಬರ್ ಪೈಪನ್ನು ತೋರಿಸಿದ. ಪೈಪನ್ನು ಬಿಗಿದು ಹಿಡಿಯುವ ಬಳೆಯಂಥ ಒಂದು ಕ್ಲಿಪ್ಪು ಸಡಿಲಾಗಿತ್ತು. "ಇಷ್ಟೇ. ಇಲ್ಲಿ ಗಾಳಿ ಲೀಕು, ಅದಕ್ಕೆ ಸಿಳ್ಳೆ," ಎಂದು ಸ್ಕ್ರೂಡ್ರೈವರಿನಿಂದ ಎರಡು ಸುತ್ತು ತಿರುವಿದ. ಕೆಲಸ ಚಿಟಿಕೆ ಹೊಡೆಯುವುದರಲ್ಲಿ ಮುಗಿಯಿತು. ಮಾತು ಸಂಜೆಯವರೆಗೆ ನಡೆಯಿತು.

ಅದಾದ ಮೇಲೆ ಗಾಡಿ ಕೆಡಲಿಲ್ಲ. ಬೆಂಕಿಯಂಥ ಬಿಸಿಲಿಗೂ ಕೆಡಲಿಲ್ಲ, ಜಕ್ಕೂರಿನ ಕೆಳಸೇತುವೆಯಲ್ಲಿ ಮುಳುಗಿ ಎದ್ದಾಗಲೂ ಕೆಡಲಿಲ್ಲ. ಅಂಜಿನಪ್ಪನಿಗೆ ಅದೇ ತೊಂದರೆಯಾಯಿತು. ತೋಟವಿದ್ದಾಗ ಬೆಳಗಾದರೆ ಹೋಗಲು ಒಂದು ಜಾಗವಿತ್ತು. ಈಗ ತೋಟದ ಮೇಲೆ ಬೇರೆಯವರ ಮನೆಗಳು. ಹೆಂಡತಿ ಕೃಷ್ಣಮ್ಮ ಹೋದ ಮೇಲೆ ಮನೆ ತುಂಬ ಮಕ್ಕಳು ಮೊಮ್ಮಕ್ಕಳಿದ್ದರೂ ಅವನಿಗೆ ಎದುರು ಮಾತಾಡುವವರು ಒಬ್ಬರೂ ಇರಲಿಲ್ಲ. ಎಲ್ಲರೂ ಮರ್ಯಾದೆ ಕೊಡುತ್ತಿದ್ದರು. ಬೈಸಿಕೊಳ್ಳಬೇಕೆಂದರೆ ಪಾಷಾನೇ ಆಗಬೇಕು.

ಹಾಗೆಂದು ಸುಮ್ಮನೆ ಹೋಗುವುದು ಹೇಗೆ? ಜ್ವರವಿಲ್ಲದೆ ಡಾಕ್ಟರ ಶಾಪಿಗೆ ಯಾರು ಹೋಗುತ್ತಾರೆ? 'ನಿನ್ನ ನೋಡ್ಬೇಕು ಅನ್ನಿಸ್ತು, ಬಂದೆ' ಎಂದು ಅಟ್ಟೂರಿನ ಗಂಡಸು ಇನ್ನೊಬ್ಬ ಗಂಡಸಿಗೆ ಹೇಳಿದ್ದು ಊರು ಹುಟ್ಟಿದಂದಿನಿಂದ ನಡೆದಿಲ್ಲ.

ಒಂದು ದಿನ ಅಂಜಿನಪ್ಪ ತನ್ನ ಶೆಡ್ಡಿನ ಬಾಗಿಲು ಹಾಕಿಕೊಂಡು, ಸ್ಕ್ರೂಡ್ರೈವರ್ ತಗೊಂಡು, ಆ ಕ್ಲಿಪ್ಪನ್ನು ತಾನೇ ಸಡಿಲ ಮಾಡಿದ.

ಅಲ್ಲಿಂದ ಮುಂದೆ ಉತ್ತರ ಬೆಂಗಳೂರಿನಲ್ಲಿ ಜರ್ಮನಿಯ ಮಾನ ಉಳಿಯಲಿಲ್ಲ. ಸಿಳ್ಳೆ ಹಾಕುತ್ತಾ ಗಾಡಿ ಬರುವುದು, ಪಾಷಾ "ಏನ್ ಅಂಜಿ, ಅಳಿಯ ಮುನಿಸ್ಕೊಂಡ್ನಾ?" ಎಂದು ಕೂಗುವುದು, "ಏನೋಪ್ಪಾ, ನಂಗೇನ್ ಗೊತ್ತು, ಎಣ್ಣೆ ಎಲ್ಲಿ ಉಯ್ತಾರೋ ಅದೂ ಗೊತ್ತಿಲ್ಲ" ಎಂದು ಅಂಜಿನಪ್ಪ ತಲೆ ಕೆರೆದುಕೊಳ್ಳುವುದು, ಟೀ, ಬೈಗುಳ, ಜಪಾನಿನ ಗುಣಗಾನ. ಸೋಲೊಪ್ಪಿಕೊಂಡು ಕೂರುವುದು ಅಂಜಿನಪ್ಪನಿಗೆ ಎಷ್ಟು ರೂಢಿಯಾಯಿತೆಂದರೆ, ಸಂಜೆ ಗೆದ್ದವನ ಮುಖ ಹೊತ್ತು ಮನೆಗೆ ಹೋಗುತ್ತಿದ್ದ.

ನಿನ್ನೆ ಸಂಜೆಯೂ ಅವನು ಕ್ಲಿಪ್ಪು ಸಡಿಲ ಮಾಡಿಟ್ಟಿದ್ದ. ಇವತ್ತು ಪಾಷಾನ ಹತ್ತಿರ ಬರುವುದೆಂದು.

*

"ಈಗ್ಲೇ ಸರಿ ಮಾಡ್ತೀನಿ," ಎಂದ ಮುನಿಆಂಜಿನಪ್ಪ.

"ಯಾರು? ನೀವಾ?" ವೇಣುಗೋಪಾಲ್ ಕುರ್ಚಿಯಿಂದ ಎದ್ದ. "ಎಣ್ಣೆ ಎಲ್ಲಿ ಹಾಕ್ತಾರೆ ಅಂತ ಗೊತ್ತಿಲ್ಲ ನಿಮಗೆ."

ಮುನಿಆಂಜಿನಪ್ಪ ಗಾಡಿಯ ಬಾಗಿಲು ತೆಗೆದ. ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಸ್ಕ್ರೂಡ್ರೈವರ್ ತೆಗೆದ. ಬಾನೆಟ್ ಎತ್ತಿ, ಪೈಪುಗಳ ಕಾಡಿನೊಳಗೆ ಕಣ್ಣಿಡದೆ ನೇರವಾಗಿ ಕೈ ಇಳಿಸಿದ. ಕತ್ತಲಲ್ಲಿ ಸ್ವಂತ ಮನೆಯ ಸ್ವಿಚ್ಚು ಹುಡುಕುವವನ ಕೈ ಅದು. ಸುತ್ತ ಸೇರಿದವರೆಲ್ಲ ಡೀಸೆಲ್ಲಿನಲ್ಲಿ ಬದುಕಿದವರು. ಒಂದು ಕೈ ಒಂದು ಜಾಗಕ್ಕೆ ಎಷ್ಟು ಸಲ ಹೋಗಿದ್ದರೆ ಹಾಗೆ ಹೋಗುತ್ತದೆಂದು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಅವನು ತಿರುವಿದ. ಸ್ಕ್ರೂ ಸುಮ್ಮನೆ ಸುತ್ತಿತು, ಹಿಡಿಯಲಿಲ್ಲ. ಮತ್ತೆ ತಿರುವಿದ. ಬಿಚ್ಚಿ ಬಿಗಿದು ಕ್ಲಿಪ್ಪಿನ ಹಲ್ಲು ಪೂರ್ತಿ ಸವೆದಿತ್ತು. ಅವನು ತಿರುವುತ್ತಲೇ ಇದ್ದ.

"ಇಡ್ಕೊತಾ ಇಲ್ಲ," ಎಂದ. ಯಾರಿಗೆಂದು ತಿಳಿಯಲಿಲ್ಲ. "ಒತ್ತಾಯ್ತದೆ. ಅಲ್ಲಿ ಎಲ್ಲಾ ಕಾಯ್ತಾ ಅವ್ರೆ. ಇಡ್ಕೊತಾ ಇಲ್ಲ."

ಆತಿಫ್ ಗ್ಯಾರೇಜಿನೊಳಗೆ ಹೋದ. ಬರುವಾಗ ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬವಿತ್ತು. ಮುಚ್ಚಳ ತೆಗೆದು ಮುಂದೆ ಹಿಡಿದ. ಒಳಗೆ ಹೊಳೆಯುವ ಹೊಸ ಕ್ಲಿಪ್ಪುಗಳು, ಎಲ್ಲ ಒಂದೇ ಅಳತೆಯವು. ಜರ್ಮನಿ ದೇಶದ ಗಾಡಿಗಳಿಗೆಲ್ಲ ಹಂಚಿದರೂ ಮಿಗುತ್ತಿದ್ದವೇನೋ.

"ತಗೊಳ್ಳಿ ಅಂಜಿನಪ್ಪಣ್ಣ. ನಿಮ್ಮವೇ."

"ನನ್ನವಾ?"

"ಅಬ್ಬಾ ತರಿಸಿಟ್ಟಿದ್ರು. ಬೇರೆ ಯಾವ ಗಾಡಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ." ಆತಿಫ್ ತಲೆ ತಗ್ಗಿಸಿದ. "'ಅಂಜಿ ಸ್ಕ್ರೂಡ್ರೈವರ್ ಹಿಡಿಯೋದು ಕುಡುಗೋಲು ಹಿಡಿದಂಗೆ. ಕುಯ್ದು ಹಾಕ್ತಾನೆ. ಡಬ್ಬ ಖಾಲಿ ಆಗೋಕೆ ಬಿಡ್ಬೇಡ' ಅಂತಿದ್ರು."

ಮುನಿಆಂಜಿನಪ್ಪ ಡಬ್ಬವನ್ನೇ ನೋಡಿದ.

"ಅವ್ನಿಗೆ ಗೊತ್ತಿತ್ತಾ?"

"ಮೂಲೇಲಿ ಸಿಳ್ಳೆ ಕೇಳಿದ ತಕ್ಷಣ ಎರಡು ಟೀ ಹೇಳ್ತಿದ್ರಲ್ಲ ಅಣ್ಣಾ. ನೀವು ಗಾಡಿ ನಿಲ್ಸಿ ಒಳಗೆ ಬರೋ ಹೊತ್ತಿಗೆ ಟೀ ಬಂದಿರ್ತಿತ್ತು. ಅದು ಹೆಂಗೆ ಅಂದ್ಕೊಂಡಿದ್ರಿ?"

"ಒಂದ್ನಿಮಿಷ, ಒಂದ್ನಿಮಿಷ," ಎಂದು ವೇಣುಗೋಪಾಲ್ ಇಬ್ಬರ ನಡುವೆ ಬಂದ. ಅವನ ಮುಖ ಕೆಂಪಾಗಿತ್ತು. "ಹಂಗಾದ್ರೆ ಈ ಜರ್ಮನಿ ಗಾಡಿ ಕೆಟ್ಟೇ ಇಲ್ವಾ?"

"ಒಂದೇ ಸಲ," ಎಂದ ಮುನಿಆಂಜಿನಪ್ಪ.

"ಅಯ್ಯೋ ಶಿವನೇ! ನನ್ ಬಾಮೈದ ಚಿನ್ನದಂಥ ಜರ್ಮನಿ ಗಾಡಿ ಕೊಡ್ತೀನಿ ಅಂತ ಕಾಲ್ ಹಿಡ್ಕೊಂಡಿದ್ದ. ನಿಮ್ ಸಿಳ್ಳೆ ಕೇಳಿ ಬೇಡ ಅಂದೆ. ಇಬ್ರೂ ಸೇರ್ಕೊಂಡು ಊರಿಗೆ ಊರನ್ನೇ—"

"ಮೆತ್ತಗೆ ಕಣ್ರೀ," ಎಂದರು ಹಿಂದಿನವರು. ಆದರೆ ಈ ಸಲ ನಕ್ಕವರು ಅದನ್ನು ಕೆಮ್ಮಾಗಿಸಲಿಲ್ಲ.

ನಗು ನಿಂತದ್ದು ಬಾಗಿಲಲ್ಲಿ ಜಹೀರಾ ಕಂಡಾಗ. ಪಾಷಾನ ಹೆಂಡತಿ ಬೆಳಿಗ್ಗೆಯಿಂದ ಹೊರಗೇ ಬಂದಿರಲಿಲ್ಲ. ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಹಿಡಿದು ನಿಂತಿದ್ದಳು.

"ಆಪಾ," ಎಂದಳು ಫಖ್ರುನ್ನೀಸಾಗೆ. "ಕೂರಲ್ಲ ಅಂತಾನೇ ಅಲ್ವಾ ಅವರು ಹೇಳಿದ್ದು? ಈಗ ಯಾರ್ ಕೂತಿದಾರೆ? ಮಲಗಿದಾರೆ. ತಗೊಂಡು ಹೋಗ್ಲಿ ಬಿಡಿ."

ಫಖ್ರುನ್ನೀಸಾ ಮೂಗು ಒರೆಸಿಕೊಂಡಳು. ಜೀವಮಾನದಲ್ಲಿ ಮೊದಲ ಬಾರಿಗೆ, ಇನ್ನೊಬ್ಬರ ಮಾತಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಹೊಸ ಕ್ಲಿಪ್ಪನ್ನು ಆತಿಫ್ ಕೂರಿಸಿ, ಮುನಿಆಂಜಿನಪ್ಪನ ಕೈಯಿಂದ ಸ್ಕ್ರೂಡ್ರೈವರ್ ತಗೊಂಡು ಬಿಗಿದ. ಗಾಡಿಯ ಹಿಂದಿನ ಸೀಟು ಮಡಚಿದರು, ಎಡಗಡೆಯ ಮುಂದಿನ ಸೀಟನ್ನು ಪೂರ್ತಿ ಮಲಗಿಸಿದರು. ಪಾಷಾನನ್ನು ಮಲಗಿಸಿದ್ದ ಡೋಲಾ ಒಳಗೆ ಹೋಯಿತು. ಅಳತೆ ಕೊಟ್ಟು ಮಾಡಿಸಿದಂತೆ ಹಿಂದಿನ ಬಾಗಿಲು ಹಾಕಿಕೊಂಡಿತು. ಅದರ ಪಕ್ಕದಲ್ಲಿ ಆತಿಫ್ ಮೊಣಕಾಲು ಮಡಚಿ ಕೂತ.

ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ಜಹೀರಾ ಗಾಡಿಯವರೆಗೆ ಬಂದು ಡ್ರೈವರ್ ಕಿಟಕಿಯ ಹತ್ತಿರ ನಿಂತಳು.

"ಅಣ್ಣಾ, ಹಂಪ್ ಬಂದ್ರೆ ನಿಧಾನ ಮಾಡಿ. 'ಸೊಂಟ ನೋವು' ಅಂತಿದ್ರು ನಿನ್ನೆ."

"ಆಗ್ಲಿ ತಾಯಿ," ಎಂದ ಮುನಿಆಂಜಿನಪ್ಪ.

ಅಂಥ ಮೆರವಣಿಗೆಯನ್ನು ಬೆಂಗಳೂರು ಕಂಡಿರಲಿಲ್ಲ. ಮುಂದೆ ಜರ್ಮನಿ, ಹಿಂದೆ ಜಪಾನ್, ಅದರ ಹಿಂದೆ ಕೊರಿಯಾ, ಪಾರ್ಟ್ಸ್ ಸಿಗದೆ ಒಂದೇ ಕಣ್ಣಿನಲ್ಲಿ ಓಡುವ ಅಮೆರಿಕ, ಕೊನೆಯಲ್ಲಿ ವೇಣುಗೋಪಾಲನ ಸ್ವದೇಶಿ ಟ್ಯಾಕ್ಸಿ. ಎಲ್ಲವೂ ಡೀಸೆಲ್, ಎಲ್ಲವೂ ಪಾಷಾನ ಕೈ ಕಂಡವು. ಹೆಬ್ಬಾಳದ ಜಾಮು ಇದ್ದೇ ಇತ್ತು. ಆದರೆ ಬೈಕಿನವನೊಬ್ಬ ಗಾಜಿನೊಳಗೆ ಬಗ್ಗಿ ನೋಡಿ ಮುಂದಿನವರಿಗೆ ಕೂಗಿದ, ಅವರು ಅವರ ಮುಂದಿನವರಿಗೆ ಕೂಗಿದರು, ಒಂದು ಗಾಡಿಯಷ್ಟು ದಾರಿ ಬಿಚ್ಚಿಕೊಂಡಿತು. ಫ್ಲೈಓವರಿನ ಏರು ಬಂದಾಗ ಮುನಿಆಂಜಿನಪ್ಪ ಗೇರು ಬದಲಿಸಿದ. ಗಾಡಿ ಒಂದು ಮಾತೂ ಆಡದೆ ಏರಿತು.

"ನೋಡ್ಲಾ ಪಾಷಾ," ಎಂದ ಅವನು, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಎಂಗ್ ಏರ್ತು ನೋಡ್ದಾ?"

ಹಿಂದಿನಿಂದ ಬೈಗುಳ ಬರಬೇಕಿತ್ತು. ಇಂಜಿನು ಸಣ್ಣಗೆ ಗುಂಯ್ ಎನ್ನುತ್ತಿತ್ತು, ಅಷ್ಟೇ. ಜಕ್ಕೂರು ದಾಟಿದರು, ಯಲಹಂಕ ಬಂತು. ಪ್ರತಿ ಹಂಪಿಗೂ ಗಾಡಿ ಮೊಟ್ಟೆ ಹೊತ್ತವನಂತೆ ಇಳಿಯಿತು. ಆ ಗಾಡಿ ಇಷ್ಟು ಸದ್ದಿಲ್ಲದೆ ಓಡುತ್ತದೆಂಬುದನ್ನು ಮುನಿಆಂಜಿನಪ್ಪ ಯಾವತ್ತೂ ಗಮನಿಸಿರಲಿಲ್ಲ. ಅವನು ಸುಮ್ಮನೆ ಒಂದು ಸಲ ಹಾರನ್ ಹೊಡೆದ.

ವೇಣುಗೋಪಾಲನ ಟ್ಯಾಕ್ಸಿ ಜಕ್ಕೂರಿನ ಹತ್ತಿರ ಇಂಜಿನು ಕಾದು ನಿಂತುಹೋಗಿತ್ತು. ಅವನು ಖಬರಸ್ತಾನಕ್ಕೆ ಆಟೋದಲ್ಲಿ ಬಂದಿಳಿದು, ಯಾರ ಮುಖವನ್ನೂ ನೋಡದೆ ಗುಂಪಿನ ಹಿಂದೆ ನಿಂತ.

ನಮಾಜು ಮುಗಿಯಿತು. ಹೆಗಲಿನಿಂದ ಹೆಗಲಿಗೆ ಡೋಲಾ ಸಾಗಿತು. ಕೊನೆಯ ಒಂದು ತಿರುವಿನಲ್ಲಿ ಯಾರೋ ಪಕ್ಕಕ್ಕೆ ಸರಿದು ಮುನಿಆಂಜಿನಪ್ಪನಿಗೆ ಜಾಗ ಬಿಟ್ಟರು. ಅವನೂ ಹೆಗಲು ಕೊಟ್ಟ. ಪಾಷಾನನ್ನು ತಾಯಿಯ ಪಕ್ಕಕ್ಕೆ ಇಳಿಸಿದರು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಅಟ್ಟೂರಿನ ಆ ಕೆಂಪು ಮಣ್ಣಿನಲ್ಲಿ ದ್ರಾಕ್ಷಿ ಬೆಳೆದಿದ್ದ ಕೈ ಮಣ್ಣನ್ನು ಅಭ್ಯಾಸಬಲದಿಂದ ಪುಡಿ ಮಾಡಿ ಹಾಕಿತು.

ಜನ ಚದುರಿದರು. ಗೇಟಿನ ಹೊರಗೆ ಗಾಡಿಗಳು ಒಂದೊಂದಾಗಿ ಹೊರಟವು. ಮುನಿಆಂಜಿನಪ್ಪ ತನ್ನ ಗಾಡಿಯೊಳಗೆ ಕೂತು, ಮಲಗಿಸಿದ್ದ ಸೀಟನ್ನು ಎತ್ತಿ ನಿಲ್ಲಿಸಿ, ಸ್ಟೇರಿಂಗ್ ಹಿಡಿದುಕೊಂಡು ಹಾಗೇ ಇದ್ದ. ಅವನ ಮನೆ ಅಲ್ಲಿಂದ ಎರಡೇ ಬೀದಿ. ಗಾಡಿಯಲ್ಲಿ ಯಾವ ದೋಷವೂ ಇರಲಿಲ್ಲ.

ಆತಿಫ್ ಬಂದು ಕಿಟಕಿ ತಟ್ಟಿದ. "ಬಾನೆಟ್ ತೆಗೀರಿ ಅಣ್ಣಾ."

"ಯಾಕಪ್ಪಾ? ಚೆನ್ನಾಗೇ ಬಂತಲ್ಲ."

"ತೆಗೀರಿ. ಹೊಸ ಕ್ಲಿಪ್ಪು, ಒಂದ್ ಸಲ ನೋಡ್ಬೇಕು."

ಬಾನೆಟ್ ಎದ್ದು ಗಾಜನ್ನು ಮುಚ್ಚಿತು. ಅದರ ಹಿಂದೆ ಆತಿಫ್ ಏನು ಮಾಡುತ್ತಿದ್ದಾನೆಂದು ಕಾಣಲಿಲ್ಲ. ಬಾನೆಟ್ ಮತ್ತೆ ಕೆಳಗಿಳಿದಾಗ ಅವನು ಕೈ ಒರೆಸಿಕೊಳ್ಳುತ್ತಿದ್ದ. ಸ್ಕ್ರೂಡ್ರೈವರನ್ನು ವಾಪಸು ಕೊಡಲಿಲ್ಲ. ಜುಬ್ಬಾದ ಜೇಬಿಗೆ ಇಳಿಸಿಕೊಂಡ.

"ಹೋಗ್ಬನ್ನಿ," ಎಂದ.

ಗಾಡಿ ನಿಧಾನವಾಗಿ ಹೊರಟಿತು. ಟಾರು ರಸ್ತೆಗೆ ಬಂದು ವೇಗ ಹಿಡಿಯುತ್ತಿದ್ದಂತೆ, ಮೊದಲು ಸಣ್ಣಗೆ, ಆಮೇಲೆ ಅಟ್ಟೂರಿಗೆಲ್ಲ ಕೇಳುವಂತೆ, ಸಿಳ್ಳೆ ಎದ್ದಿತು.

"ನೋಡಿದ್ರಾ! ನಾನ್ ಹೇಳ್ಲಿಲ್ವಾ!" ಎಂದು ಗೇಟಿನ ಹತ್ತಿರ ಆಟೋ ಕಾಯುತ್ತಿದ್ದ ವೇಣುಗೋಪಾಲ್ ಕೂಗಿದ.

ತಿರುವಿನಲ್ಲಿ ಗಾಡಿಯ ಬ್ರೇಕ್ ದೀಪ ಒಮ್ಮೆ ಕೆಂಪಾಯಿತು. ಸ್ವಲ್ಪ ಹೊತ್ತು ಹಾಗೇ ಉರಿಯಿತು. ಆಮೇಲೆ ಆರಿತು, ಜರ್ಮನಿ ಗಾಡಿ ಕಪ್ಪು ಹೊಗೆ ಬಿಡುತ್ತಾ, ಸಿಳ್ಳೆ ಹಾಕುತ್ತಾ, ಲೇಔಟಿನ ಮನೆಗಳ ನಡುವೆ ನಿಧಾನವಾಗಿ ಹೋಯಿತು.